ಅವ್ವನ ಮರೆವಿಗೆ ಟಾನಿಕ್ ಬೇಕೇ?

ಪ್ರಶ್ನೆ: ನಮ್ಮ ಅವ್ವಗ 64 ವರ್ಷ, ಬಿಪಿ ಅದ. ಕಿವಿ ಮಂದ ಆಗ್ಯಾವ, ಮರೆವೂ ಹೆಚ್ಚಾಗ್ಯದ. ನೆನಪಿನ ಟಾನಿಕ್ ಕೊಡಬಹುದಾ?
– ಓದುಗರು, ಕಲಬುರಗಿ

ಉತ್ತರ: ಟಾನಿಕ್‌ಗೆ ಹಾಕುವ ದುಡ್ಡನ್ನು ಮೊದಲು ಕಿವಿ ಪರೀಕ್ಷೆಗೆ ಹಾಕಿ. ಕೇಳಿಸದವರು ಮಾತುಕತೆಯಿಂದ ದೂರ ಸರಿಯುತ್ತಾರೆ, ಮಿದುಳಿಗೆ ಕೆಲಸ ತಪ್ಪುತ್ತದೆ. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ಮರೆವಿನ ಕಾಯಿಲೆಗೆ (ಡಿಮೆನ್ಶಿಯಾ) ದಾರಿ ಮಾಡುವ, ತಿದ್ದಿಕೊಳ್ಳಬಹುದಾದ 14 ಅಪಾಯಗಳಲ್ಲಿ ಕಿವಿಮಂದ, ಬಿಪಿ ಎರಡೂ ಇವೆ. ತಲೆಸುತ್ತು ಇಲ್ಲವೆಂದು ಬಿಪಿ ಮಾತ್ರೆ ಬಿಡುವವರು ನಮ್ಮಲ್ಲಿ ಬಹಳ, ದಯವಿಟ್ಟು ಬಿಡಿಸಬೇಡಿ. ಲಕ್ಷಣವಿಲ್ಲದೆಯೂ ಮಿದುಳಿನ ಸಣ್ಣ ರಕ್ತನಾಳಗಳು ಕೆಡುತ್ತಿರುತ್ತವೆ. ಬಿ12, ಥೈರಾಯ್ಡ್ ಪರೀಕ್ಷೆಯೂ ಆಗಲಿ. ಅವುಗಳ ಕೊರತೆಯಿಂದ ಬಂದ ಮರೆವು ಚಿಕಿತ್ಸೆಗೆ ಬಗ್ಗಬಹುದು. ವಾರಕ್ಕೆ 150 ನಿಮಿಷ ಚುರುಕಿನ ನಡಿಗೆ, ಬಿಸಿಲೇರುವ ಮೊದಲೇ. ಜೋಳದ ರೊಟ್ಟಿ, ಪುಂಡಿಪಲ್ಯ ಇರಲಿ, ಉಪ್ಪಿನಕಾಯಿ ಕಡಿಮೆ ಮಾಡಿ. ದಿಢೀರನೆ ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.