ಮುಸೊಲಿನಿಯ ರಸ್ತೆ, ಹಂಪಿಯ ಬಜಾರು

ಓದುಗರ ಪತ್ರ: ಮಗಳ ಮನೆಗೆಂದು ಯುರೋಪಿಗೆ ಹೋದವನು ರೋಮನ್ನೂ ನೋಡಿಬಂದೆ. ಕೊಲೋಸಿಯಮ್ಮಿಗೆ ಹೋಗುವ ಆ ಅಗಲ ರಸ್ತೆ, ಇಕ್ಕೆಲದಲ್ಲೂ ತೊಳೆದಿಟ್ಟಂಥ ಅವಶೇಷಗಳು! ಹಂಪಿಯ ಬಜಾರಿನಿಂದ ಜನರನ್ನು ಎಬ್ಬಿಸಿದ್ದಕ್ಕೆ ನೀವು ಇನ್ನೂ ಗೊಣಗುತ್ತಿದ್ದೀರಿ. ರೋಮಿನವರಿಂದ ಕಲಿಯಬಾರದೇ? (ಒಬ್ಬ ಓದುಗ, ಶಿವಮೊಗ್ಗ)

ಸಂಪಾದಕರ ಉತ್ತರ: ಧಾರಾಳವಾಗಿ ಕಲಿಯೋಣ ಸ್ವಾಮಿ. ನೀವು ಮೆಚ್ಚಿದ ರಸ್ತೆಯನ್ನು ಮಾಡಿಸಿದವನು ಇಟಲಿಯ ಸರ್ವಾಧಿಕಾರಿ ಮುಸೊಲಿನಿ. ಉದ್ಘಾಟನೆ 1932ರ ಅಕ್ಟೋಬರ್ 28ರಂದು. ಅದಕ್ಕಾಗಿ ಅಲೆಸ್ಸಾಂಡ್ರಿನೋ ಎಂಬ ಇಡೀ ಕೇರಿಯನ್ನು ಮನೆ, ಅಂಗಡಿ, ಚರ್ಚು ಸಮೇತ ನೆಲಸಮ ಮಾಡಿಸಿದ, ವೇಲಿಯಾ ಗುಡ್ಡವನ್ನು ಕಡಿಸಿದ, ಜನರನ್ನು ಊರಾಚೆಗೆ ಅಟ್ಟಿದ. ಪ್ರಾಚೀನ ರೋಮನ್ನು ಬೆಳಕಿಗೆ ತರುತ್ತೇನೆಂದು ಹೊರಟವನು, ಅಗೆಸಿದ ಫೋರಂಗಳ (ಪ್ರಾಚೀನ ರೋಮಿನ ಸಾರ್ವಜನಿಕ ಚೌಕಗಳ) ಬಹುಪಾಲನ್ನು ಅದೇ ರಸ್ತೆಯಡಿ ಮತ್ತೆ ಮುಚ್ಚಿಸಿಬಿಟ್ಟ! ಅವನಿಗೆ ಬೇಕಿದ್ದದ್ದು ಮೆರವಣಿಗೆಗೊಂದು ದಾರಿ.

ಕೊಲೋಸಿಯಮ್ಮಿನಿಂದ ಅನತಿ ದೂರದಲ್ಲಿ ಸಾನ್ ಕ್ಲೆಮೆಂತೆ ಚರ್ಚಿದೆ. ಟೂರಿನವರು ನಿಮಗೆ ತೋರಿಸಿರಲಾರರು. ಮೇಲಿನದು 12ನೇ ಶತಮಾನದ್ದು. ಮೆಟ್ಟಿಲಿಳಿದರೆ 4ನೇ ಶತಮಾನದ ಚರ್ಚು. ಇನ್ನೂ ಇಳಿದರೆ 1ನೇ ಶತಮಾನದ ಕಟ್ಟಡಗಳು, ಹೋರಿ ಕೊಲ್ಲುವ ಮಿತ್ರಸ್ ದೇವರ ಗುಡಿ, ಎಲ್ಲೋ ಹರಿಯುವ ನೀರಿನ ಸದ್ದು. ನಡುವಿನ ಅಂತಸ್ತಿನ ಗೋಡೆಯಲ್ಲಿ 11ನೇ ಶತಮಾನದ ಚಿತ್ರವೊಂದಿದೆ: ಸಂತ ಕ್ಲೆಮೆಂತೆಯನ್ನೇ ಎಳೆಯುತ್ತಿದ್ದೇವೆಂದು ಭ್ರಮಿಸಿ ಆಳುಗಳು ಕಂಬವೊಂದನ್ನು ಎಳೆಯುತ್ತಿದ್ದಾರೆ, ಯಜಮಾನ 'ಎಳೆಯಿರೋ, ಸೂಳೆಮಕ್ಕಳಾ' ಎಂದು ಬೈಯುತ್ತಿದ್ದಾನೆ. ಚರ್ಚಿನ ಗೋಡೆಯ ಮೇಲೆ, ಅದೂ ಬೀದಿಯ ಆಡುಮಾತಿನಲ್ಲಿ! 1857ರಲ್ಲಿ ಇದನ್ನೆಲ್ಲ ಅಗೆಸತೊಡಗಿದ ಐರಿಷ್ ಪಾದ್ರಿ ಮಲೂಲಿ ಮೇಲಿನ ಚರ್ಚನ್ನು ಕೆಡವಲಿಲ್ಲ. ಕಲಿಯುವುದಾದರೆ ಅವರಿಂದ ಕಲಿಯಬೇಕು.

ಹಂಪಿಯ ಮಂಟಪಗಳ ಕಂಬಗಳ ನಡುವೆ ಇಟ್ಟಿಗೆ ಗೋಡೆ, ಸಿಮೆಂಟು ಬಂದಿದ್ದವು, ಅದಕ್ಕೊಂದು ಕಡಿವಾಣ ಬೇಕಿತ್ತು, ಒಪ್ಪಿದೆ. ಆದರೆ 2011ರ ಜುಲೈನಲ್ಲಿ ಕಡಿವಾಣ ಹಾಕಲು ಬಂದವರು ಕುದುರೆಯನ್ನೇ ಕೊಂದರು, ಬಜಾರಿನ ಮನೆ, ಅಂಗಡಿಗಳನ್ನು ಕೆಡವಿದರು. ವಿರೂಪಾಕ್ಷನಿಗೆ ಇಂದಿಗೂ ನಿತ್ಯಪೂಜೆಯಿದೆ, ತೇರು ಅದೇ ಬೀದಿಯಲ್ಲಿ ಸಾಗುತ್ತದೆ. ದೇವರು ಅಲ್ಲೇ ಇರಬಹುದಂತೆ, ಭಕ್ತರಿಗೆ ಇಡ್ಲಿ ಬಡಿಸುತ್ತಿದ್ದವರು ಮಾತ್ರ ಊರಾಚೆಯ ಕಡ್ಡಿರಾಂಪುರಕ್ಕೆ ಹೋಗಬೇಕಂತೆ! 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಬೆರಗಾದದ್ದು ಖಾಲಿ ಕಂಬಸಾಲಿಗಲ್ಲ. ಮಾಣಿಕ್ಯ, ಮುತ್ತುಗಳಿಂದ ಹಿಡಿದು ನಿಂಬೆ, ದ್ರಾಕ್ಷಿ, ಸೌದೆಯವರೆಗೆ ಎಲ್ಲವೂ ಬಿಕರಿಯಾಗುತ್ತಿದ್ದ ಪೇಟೆಗೆ.

ನಮ್ಮ ಯೋಜನಾ ವರದಿ ಬರೆಯುವವರಿಗೆ ಪರಂಪರೆಯೆಂದರೆ ಫೋಟೊದಲ್ಲಿ ಮನುಷ್ಯರು ಬೀಳದ ಜಾಗ. ಮೈಸೂರಿನ ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿಯಿತು. ಆಗಿನಿಂದ ಕೆಡವುವುದೋ ಉಳಿಸುವುದೋ ಎಂಬ ಜಗ್ಗಾಟ. ಅಲ್ಲಿ ಮಲ್ಲಿಗೆ ಮಾರುವವರ ಗತಿಯೇನೆಂದು ಕೇಳಿನೋಡಿ, ಕಡತ ಪಕ್ಕದ ಮೇಜಿಗೆ ಹೋಗುತ್ತದೆ.