ಟ್ರೈಲರ್‌ಗೆ ಬಟ್ಟೆಯ ಮೇಲ್ಹೊದಿಕೆ ಹಾಕಿಸುವಾಗ ಜಿಎಸ್‌ಎಂ ನೋಡಿದರೆ ಸಾಕೇ? ಉಳಿದ ಭಾಗಗಳು ಯಾವುವು?

ಸಾಲದು. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂ ಲೆಕ್ಕದಲ್ಲಿ. ನಾನಂತೂ ಮೊದಲು ಚೌಕಟ್ಟು ನೋಡುತ್ತೇನೆ, ಬಟ್ಟೆ ಆಮೇಲೆ.

ಟ್ರೈಲರ್‌ನ ಅಂಚಿನಿಂದ ಏಳುವ ಕಂಬಗಳು, ಅವುಗಳ ಮೇಲೆ ಅಡ್ಡಡ್ಡ ಬಾಗಿದ ಪೈಪಿನ ಕಮಾನುಗಳು, ಕಮಾನುಗಳನ್ನೆಲ್ಲ ಉದ್ದಕ್ಕೆ ಹಿಡಿದಿಡುವ ನಡುಪೈಪು. ಚೌಕಟ್ಟು ಅಂದರೆ ಮುಖ್ಯವಾಗಿ ಇಷ್ಟೇ. ಕಮಾನುಗಳು ದೂರದೂರ ಇದ್ದರೆ, ಇಲ್ಲವೇ ಮೇಲ್ಭಾಗ ಸಪಾಟಾಗಿದ್ದರೆ, ನಡುವೆ ಬಟ್ಟೆ ಜೋತು ಮಳೆನೀರು ನಿಲ್ಲುತ್ತದೆ. ಒಂದು ಚದರ ಮೀಟರ್ ಜಾಗದಲ್ಲಿ ಬರೀ 5 ಸೆಂ.ಮೀ. ನೀರು ನಿಂತರೂ 50 ಕೆಜಿ ಭಾರ! ಭಾರಕ್ಕೆ ಬಟ್ಟೆ ಇನ್ನಷ್ಟು ಜಗ್ಗುತ್ತದೆ, ಜಗ್ಗಿದಷ್ಟೂ ನೀರು ಸೇರುತ್ತದೆ, ಕೊನೆಗೆ ಪೈಪೇ ಬಾಗುತ್ತದೆ. ಎಷ್ಟು ದಪ್ಪ ಬಟ್ಟೆಯಾದರೂ ಇದನ್ನು ತಡೆಯುವುದಿಲ್ಲ, ಇಳಿಜಾರೇ ಬೇಕು.

ಬಟ್ಟೆಯಲ್ಲಿ ಸಾಮಾನ್ಯವಾಗಿ ಎರಡು ದಾರಿ. ಪಿವಿಸಿ ಲೇಪಿಸಿದ ಪಾಲಿಯೆಸ್ಟರ್ ನೀರನ್ನು ಒಳಗೆ ಬಿಡುವುದಿಲ್ಲ, ಒರೆಸಿದರೆ ಸ್ವಚ್ಛ. ಆದರೆ ಗಾಳಿಯೂ ಆಡುವುದಿಲ್ಲ, ಹಾಗಾಗಿ ಒಳಗೆ ಮಲಗುವವರಿದ್ದರೆ ಬೆಳಿಗ್ಗೆ ಛಾವಣಿಯ ಒಳಮೈಯಲ್ಲಿ ಹನಿ ಕಟ್ಟಿರುತ್ತದೆ. ಕ್ಯಾನ್ವಾಸ್ ಉಸಿರಾಡುತ್ತದೆ, ಆದರೆ ಒದ್ದೆಯಿದ್ದಾಗ ಮಡಚಿಟ್ಟರೆ ಬೂಷ್ಟು ಖಂಡಿತ. ಸಾಮಾನು ಸಾಗಿಸಲು ಪಿವಿಸಿ, ಬಿಡಾರಕ್ಕೆ ಕ್ಯಾನ್ವಾಸ್ ಅಂತ ನನ್ನ ಅಭಿಪ್ರಾಯ.

ಪಿವಿಸಿಯ ಜೋಡಣೆಗಳನ್ನು ಬಿಸಿಗಾಳಿಯಲ್ಲಿ ಬೆಸೆಯಬಹುದು, ಆಗ ಸೂಜಿತೂತೇ ಇರುವುದಿಲ್ಲ. ಹೊಲಿದಿದ್ದರೆ ದಾರ ಯಾವುದು ಅಂತ ಕೇಳಿ. ಬಿಸಿಲಿಗೆ ಬಟ್ಟೆಗಿಂತ ಮೊದಲು ಸೋಲುವುದು ಎಷ್ಟೋ ಸಲ ದಾರವೇ.

ಅಂಚನ್ನು ಹಿಡಿಯುವ ಬಗೆಯೂ ಒಂದೇ ಅಲ್ಲ. ಐಲೆಟ್‌ಗಳಿಗೆ, ಅಂದರೆ ಅಂಚಿನಲ್ಲಿ ಬಳೆ ಕೂರಿಸಿದ ತೂತುಗಳಿಗೆ, ಹಗ್ಗ ಅಥವಾ ಎಲಾಸ್ಟಿಕ್ ಕಟ್ಟುವುದು ಅಗ್ಗ, ದುರಸ್ತಿಯೂ ಸುಲಭ, ಆದರೆ ಎಳೆತವೆಲ್ಲ ಆ ತೂತುಗಳ ಮೇಲೇ ಬೀಳುತ್ತದೆ. ಕೀಡರ್ ಎಂಬ ಇನ್ನೊಂದು ಬಗೆಯಲ್ಲಿ ಅಂಚಿನೊಳಗೆ ಹುರಿ ಸೇರಿಸಿ ಅಲ್ಯೂಮಿನಿಯಂ ಕಾಲುವೆಗೆ ತೂರಿಸುತ್ತಾರೆ. ಎಳೆತ ಉದ್ದಕ್ಕೂ ಹಂಚಿಹೋಗುತ್ತದೆ, ಸಂದಿಯಲ್ಲಿ ಗಾಳಿ ನುಗ್ಗುವುದೂ ಕಡಿಮೆ. ಓಡುವಾಗ ಪಟಪಟ ಬಡಿಯುವ ಹೊದಿಕೆ ಕಮಾನಿಗೆ ಉಜ್ಜಿ ಉಜ್ಜಿ ಅಲ್ಲೇ ಹರಿಯುತ್ತದೆ, ಆದ್ದರಿಂದ ಕಮಾನು ತಾಗುವ ಕಡೆಯೆಲ್ಲ ಹೆಚ್ಚುವರಿ ಪಟ್ಟಿ ಇದೆಯೇ ಅಂತ ಕೈಯಾಡಿಸಿ ನೋಡಿ. ಪಕ್ಕದ ಪರದೆ, ಜಿಪ್, ಸೊಳ್ಳೆಜಾಲರಿ ಇವೆಲ್ಲ ನಿಮ್ಮ ಅನುಕೂಲ.

ಹೊರಗೆ ಚಾಚುವ ನೆರಳುಪರದೆ ಸೇರಿಸುವುದಾದರೆ ಅದನ್ನು ಗಾಳಿ ಜೋರಾಗುವ ಮೊದಲೇ ಮಡಚಬೇಕು. ಬೇಗ ಮಡಚಲು ಬರುತ್ತದೆಯೇ ಅಂತ ಕೊಳ್ಳುವಾಗಲೇ ಮಾಡಿ ನೋಡಿ. ಮಾರುವವರು ಒಪ್ಪಿದರೆ ಹೊದಿಕೆಯ ಮೇಲೆ ಒಂದು ಬಕೆಟ್ ನೀರೂ ಸುರಿಯಿರಿ. ಎಲ್ಲಾದರೂ ನಿಂತರೆ ಆ ವಿನ್ಯಾಸ ಬೇಡ ಅನ್ನಿ.