ದಾರಿಗೆ ವರ್ಷದ ಪತ್ರ ಮಾಡಿಕೊಳ್ಳಬೇಡಿ

ಪಕ್ಕದ ಹೊಲದವರು ಬೇಲಿ ಹಾಕುತ್ತೇನೆ ಅನ್ನುತ್ತಿದ್ದಾರೆ, ವರ್ಷಕ್ಕಿಷ್ಟು ಅಂತ ಕೊಟ್ಟು ದಾರಿಗೆ ಪತ್ರ ಮಾಡಿಕೊಳ್ಳಲಾ, ಕೋರ್ಟಿಗೆ ಹೋಗಲಾ ಅಂತ ಕೇಳಿದ್ದೀರಿ. ಆ ಪತ್ರ ಮಾಡಿಕೊಂಡು ಕೆಟ್ಟವನು ನಾನು. ಸಹಿ ಹಾಕಬೇಡಿ.

ನಮ್ಮದು ತಿಪಟೂರು ಕಡೆ ತೆಂಗಿನ ತೋಟ. ಟಾರು ರಸ್ತೆಗೂ ತೋಟಕ್ಕೂ ನಡುವೆ ಬೇರೆಯವರ ಹೊಲ. ಅದರ ಅಂಚಿನಲ್ಲಿ ತಾತನ ಕಾಲದಿಂದ ನಮ್ಮ ಗಾಡಿ ಹೋಗುತ್ತಿತ್ತು. ನಾವು ಯಾರನ್ನೂ ಕೇಳಿದ್ದಿಲ್ಲ, ಯಾರೂ ತಡೆದಿದ್ದೂ ಇಲ್ಲ. ಆ ಹೊಲ ಬೆಂಗಳೂರಿನವರ ಕೈಗೆ ಹೋಯಿತು. "ಓಡಾಡ್ಕೊಳ್ಳಿ ಸ್ವಾಮಿ, ಸುಮ್ನೆ ಒಂದು ಪತ್ರ ಇರಲಿ" ಅಂದರು. ಸ್ಟಾಂಪ್ ಪೇಪರಿನಲ್ಲಿ ‘ಮಾಲೀಕರ ಅನುಮತಿಯ ಮೇರೆಗೆ’ ಅಂತಿತ್ತು. ಮನಸ್ತಾಪ ಯಾಕೆ ಅಂತ ಸಹಿ ಹಾಕಿದೆ. ಐದನೇ ವರ್ಷ ಗೇಟಿಗೆ ಬೀಗ ಬಿತ್ತು.

ಇದನ್ನು ಸರಿಯಾಗಿ ತಿಳಿದುಕೊಳ್ಳಿ. ಬೇರೆಯವರ ಜಮೀನಿನ ಮೇಲೆ ದಾರಿಯಂಥ ಬಳಕೆಯ ಹಕ್ಕನ್ನು ಹೇಳುವ 1882ರ ಈಸ್‌ಮೆಂಟ್ ಕಾಯ್ದೆಯ 15ನೇ ಕಲಂ ಪ್ರಕಾರ 20 ವರ್ಷ ಬಹಿರಂಗವಾಗಿ, ತಂಟೆಯಿಲ್ಲದೆ, ಎಡೆಬಿಡದೆ, ಹಕ್ಕಿನಿಂದ ಓಡಾಡಿದವರಿಗೆ ದಾರಿಯ ಹಕ್ಕು ಸಿಗುತ್ತದೆ. ಅನುಮತಿ ಪಡೆದು ಓಡಾಡಿದ್ದು ಅದರಲ್ಲಿ ಸೇರಲ್ಲ. ಸರಿ, ಪತ್ರಕ್ಕೆ ಮುಂಚಿನ ವರ್ಷಗಳು ಏನಾದವು? ನಾನೂ ವಕೀಲರನ್ನು ಅದನ್ನೇ ಕೇಳಿದೆ. ಆ 20 ವರ್ಷ ಅನ್ನುವುದು ದಾವೆ ಹೂಡುವ ಹಿಂದಿನ 2 ವರ್ಷದೊಳಗೆ ಬಂದು ಮುಗಿಯಬೇಕಂತೆ. ನನ್ನ ಲೆಕ್ಕ ಪತ್ರಕ್ಕೆ ಸಹಿ ಹಾಕಿದ ದಿನವೇ ನಿಂತುಹೋಗಿತ್ತು. ತಾತ, ಅಪ್ಪ ತುಳಿದ ದಾರಿ ಕೋರ್ಟಿನ ಕಣ್ಣಿಗೆ ಬೀಳಲೇ ಇಲ್ಲ. ಯುಗಾದಿ ಯುಗಾದಿಗೆ ದುಡ್ಡು ಕೊಟ್ಟು ರಸೀದಿ ಬೇರೆ ಇಸಿದುಕೊಂಡಿದ್ದೆ, ಜಾಣನ ಹಾಗೆ. ಅಷ್ಟೂ ಅವರ ಪರವಾದ ಸಾಕ್ಷಿ.

ಪತ್ರ ಇಲ್ಲವೇ ಕೋರ್ಟು ಅಂತ ಎರಡೇ ಬಾಗಿಲು ಇಟ್ಟುಕೊಂಡಿದ್ದೀರಿ, ಅದೇ ಸರಿಯಿಲ್ಲ. ಮೊದಲು ಸರ್ವೆ ಕಚೇರಿಯಿಂದ ಗ್ರಾಮ ನಕಾಶೆ ತೆಗೆಸಿ. ಅದರಲ್ಲಿ ಚುಕ್ಕೆ ಗೆರೆಯ ಕಾಲುದಾರಿಯೋ ಬಂಡಿದಾರಿಯೋ ಕಂಡರೆ ಪಕ್ಕದವರ ದಾಕ್ಷಿಣ್ಯ ಯಾಕೆ ಬೇಕು? ಕಾಣದಿದ್ದರೆ ಹಳೇ ಕ್ರಯಪತ್ರ, ವಿಭಾಗಪತ್ರ ಹುಡುಕಿ. ಎರಡೂ ಜಮೀನು ಹಿಂದೆ ಒಂದೇ ಆಗಿದ್ದು, ಭಾಗವಾಗಿಯೋ ಮಾರಾಟವಾಗಿಯೋ ಬೇರೆಯಾಗಿದ್ದರೆ, ನಿಮಗೆ ಬೇರೆ ದಾರಿಯೇ ಇಲ್ಲದಿದ್ದರೆ, ಅನಿವಾರ್ಯಕ್ಕೆ ದಾರಿ ಕೊಡುವ ಅದೇ ಕಾಯ್ದೆಯ 13ನೇ ಕಲಂ ಇದೆ. ಅದಕ್ಕೆ 20 ವರ್ಷದ ಗೊಡವೆಯಿಲ್ಲ. ಆದರೆ ಸುತ್ತುಬಳಸಿನ ದಾರಿಯೊಂದು ಇದ್ದರೂ ಆ ವಾದ ನಿಲ್ಲುವುದು ಕಷ್ಟ.

ಬೇಲಿ ಬಿದ್ದೇ ಬಿಟ್ಟರೆ ಅದೇ ವಾರ ತಹಶೀಲ್ದಾರರಿಗೆ ಅರ್ಜಿ ಕೊಡಿ. ಜಮೀನು ಬಳಸುವ ಹಕ್ಕಿನ ಜಗಳಕ್ಕೆ ಹಿಂದೆ ಸಿಆರ್‌ಪಿಸಿ (ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ) 147 ಅನ್ನುತ್ತಿದ್ದದ್ದು ಈಗ ಅದರ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 166ನೇ ಕಲಂ. ವರ್ಷವಿಡೀ ಬಳಸುವ ದಾರಿಯಾದರೆ ಅರ್ಜಿಗೆ ಹಿಂದಿನ 3 ತಿಂಗಳೊಳಗೆ ಅದರಲ್ಲಿ ಓಡಾಡಿರಬೇಕು. ಊರ ಹಿರಿಯರನ್ನು ಕೂರಿಸಿ ಪಂಚಾಯ್ತಿ ಮಾಡುತ್ತಾ ಹೋದರೆ ಆ ಮೂರು ತಿಂಗಳು ಅಲ್ಲೇ ಕಳೆಯುತ್ತದೆ.

ದುಡ್ಡೇ ಕೊಡುವುದಾದರೆ ಒಂದೇ ಸಲ ಕೊಟ್ಟು, ಶಾಶ್ವತ ದಾರಿಹಕ್ಕು ಅಂತ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ. ಕೊನೆಗೆ ನಾನೂ ಅದನ್ನೇ ಮಾಡಿದ್ದು, ಅವರು ಹೇಳಿದ ರೇಟಿಗೆ. ಅಗಲವನ್ನು ಅಡಿ ಲೆಕ್ಕದಲ್ಲೇ ಬರೆಸಿ. ‘ಗಾಡಿ ಹೋಗುವಷ್ಟು’ ಅಂತ ಬರೆದರೆ, ಅದು ಎತ್ತಿನ ಗಾಡಿ, ಟ್ರ್ಯಾಕ್ಟರ್ ಅಲ್ಲ ಅಂತ ನಾಳೆ ತಕರಾರು ತೆಗೆಯುವವರಿದ್ದಾರೆ.